560 ಬೈಟುಗಳ ಉಳಿತಾಯ

ದೊಡ್ಡಪ್ಪನವರ ಭಾವಚಿತ್ರವನ್ನು ತಿದ್ದಿ ಉಳಿಸುವಾಗ, ‘ಪ್ರೊಫೈಲ್ ಎಂಬೆಡ್’ ಎಂಬ ಪುಟ್ಟ ಚೌಕದಲ್ಲಿದ್ದ ಗುರುತನ್ನು ನಾನು ತೆಗೆದುಬಿಟ್ಟೆ. ಕಡತ ಒಂದಿಷ್ಟು ಹಗುರವಾಗಲಿ ಎಂಬುದಷ್ಟೇ ನನ್ನ ಸದುದ್ದೇಶವಾಗಿತ್ತು. ಚಿತ್ರದ ಬಣ್ಣಗಳನ್ನು ಹೇಗೆ ಓದಬೇಕೆಂದು ತಿಳಿಸುವ ಆ ಪ್ರೊಫೈಲಿನ ಗಾತ್ರ ಬರೀ 560 ಬೈಟು, ಅಂದರೆ ಕಂಪ್ಯೂಟರಿನಲ್ಲಿ ಈ ಪ್ಯಾರಾ ಹಿಡಿಯುವ ಜಾಗಕ್ಕಿಂತಲೂ ಕಡಿಮೆ ಎಂಬುದು ತಿಳಿಯುವ ಹೊತ್ತಿಗೆ ಅನಾಹುತ ನಡೆದುಹೋಗಿತ್ತು.

ಅದಕ್ಕೂ ಮೊದಲೇ ಇನ್ನೊಂದು ತಪ್ಪು ಮಾಡಿದ್ದೆ. ನಾನು ಬಳಸಿದ್ದ ಅಡೋಬ್ ಆರ್‌ಜಿಬಿ ಎಂಬ ಬಣ್ಣದ ಅಳತೆಯಲ್ಲಿ ತೆಗೆದ ಚಿತ್ರಗಳ ಹೆಸರಿನ ಆರಂಭದಲ್ಲಿ ಎಷ್ಟೋ ಕ್ಯಾಮೆರಾಗಳು ಒಂದು ಅಡಿಗೆರೆಯನ್ನು (_) ಇಡುತ್ತವೆ. ಅದು ಗುರುತೆಂದು ಅರಿಯದ ನಾನು, ಏನೋ ಕಸ ಅಂಟಿಕೊಂಡಿದೆಯೆಂದು ಅದನ್ನೂ ಅಳಿಸಿ ಹೆಸರನ್ನು ಚೊಕ್ಕಟಗೊಳಿಸಿದ್ದೆ.

ಚಿತ್ರವನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದಾಗ ದೊಡ್ಡಪ್ಪನವರು ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದವರಂತಿದ್ದರು. ಅವರ ಗಿಳಿಹಸಿರು ಸ್ವೆಟರ್ ಹತ್ತು ವರ್ಷ ಬಿಸಿಲಿನಲ್ಲಿ ಒಣಗಿದಂತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ನಾನು ಅರ್ಧ ಗಂಟೆ ಮಾನಿಟರಿನ ಗುಂಡಿಗಳನ್ನು ಒತ್ತುತ್ತ ಕುಳಿತೆ.

ಕಡತದೊಳಗೆ ಬಣ್ಣಗಳೇ ಇಲ್ಲ. ಅಲ್ಲಿರುವುದು ಕೆಂಪು, ಹಸಿರು, ನೀಲಿಗೆ ತಲಾ 0ಯಿಂದ 255ರವರೆಗಿನ ಅಂಕಿಗಳು ಮಾತ್ರ. ಮೂವತ್ತು ಎಂದಷ್ಟೇ ಬರೆದಿಟ್ಟರೆ ಅಡಿಯೋ ಗಜವೋ ತಿಳಿಯದಲ್ಲವೇ? ಅದನ್ನು ಹೇಳುವುದೇ ಪ್ರೊಫೈಲಿನ ಕೆಲಸ. ಅದು ಇಲ್ಲದಿದ್ದರೆ ಬಹುಪಾಲು ತಂತ್ರಾಂಶಗಳು, 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟ ಎಸ್‌ಆರ್‌ಜಿಬಿ ಎಂಬ ಅಳತೆಯೇ ಇರಬೇಕೆಂದು ಊಹಿಸಿಕೊಳ್ಳುತ್ತವೆ. ಅದರ ಹಸಿರಿನ ಹರವು ಅಡೋಬ್ ಆರ್‌ಜಿಬಿಯದಕ್ಕಿಂತ ಕಿರಿದಾದುದರಿಂದ ಅವೇ ಅಂಕಿಗಳು ಮಂಕು ಬಣ್ಣಗಳಾಗಿ ಚಿತ್ರ ಕಳೆಗುಂದುತ್ತದೆ.

ಪರಿಹಾರ ಹುಡುಕುತ್ತ ಮೆನುವಿಗೆ ಹೋದರೆ ಅಲ್ಲಿ ‘ಅಸೈನ್’ ಮತ್ತು ‘ಕನ್ವರ್ಟ್’ ಎಂಬ ಎರಡು ಆಜ್ಞೆಗಳು ಅವಳಿಗಳಂತೆ ಕುಳಿತಿದ್ದವು. ಮೂವತ್ತು ಅಡಿಯನ್ನು ಹತ್ತು ಗಜವೆಂದು ಬರೆದರೆ ಕನ್ವರ್ಟ್, ಮೂವತ್ತನ್ನು ಹಾಗೆಯೇ ಬಿಟ್ಟು ‘ಅಡಿ’ಯನ್ನು ಹೊಡೆದು ‘ಗಜ’ ಎಂದು ತಿದ್ದಿದರೆ ಅಸೈನ್. ಈ ಜ್ಞಾನೋದಯ ಆಗಿನ್ನೂ ಆಗಿರದ ಕಾರಣ ನಾನು ಅಸೈನ್ ಒತ್ತಿದೆ. ಪಟ್ಟಿಯಲ್ಲಿ ಅಡೋಬ್ ಆರ್‌ಜಿಬಿ ಕಣ್ಣೆದುರೇ ಇತ್ತು. ಆದರೆ ಹೆಸರಿನಲ್ಲೇ ‘ಪ್ರೊ’ ಇರುವುದು ಉತ್ತಮವೆಂದು ಪ್ರೊಫೋಟೋ ಆರ್‌ಜಿಬಿಯನ್ನು ಆರಿಸಿದೆ. ಅದರ ಹರವು ಎಷ್ಟು ವಿಶಾಲವೆಂದರೆ, ಅದರ ಹಸಿರು ಮತ್ತು ನೀಲಿ ಮೂಲೆಗಳು ಮನುಷ್ಯನ ಕಣ್ಣಿಗೆ ಕಾಣುವ ಬಣ್ಣಗಳ ಎಲ್ಲೆಯನ್ನೇ ದಾಟಿ ಆಚೆ ನಿಂತಿವೆ. ದೊಡ್ಡಪ್ಪನವರ ಮುಖ ಕೆಂಡವಾಯಿತು. ಸ್ವೆಟರಿನತ್ತ ನೋಡಿದರೆ ಕಣ್ಣು ಕುಕ್ಕುತ್ತಿತ್ತು. ಗಾಬರಿಯಲ್ಲಿ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿದೆ. ಕಂಡದ್ದನ್ನು ಕಂಡಂತೆ ಉಳಿಸುವುದೇ ತನ್ನ ಧರ್ಮವಾದ ಆ ಆಜ್ಞೆ, ಆ ಕೆಂಡದಂಥ ಮುಖವನ್ನು ಆದಷ್ಟು ನಿಷ್ಠೆಯಿಂದ ಕಾಪಾಡಿಕೊಟ್ಟಿತು. ಅದನ್ನೇ ಮೊದಲಿನ ಕಡತದ ಮೇಲೆ ಉಳಿಸಿ, ಅವರಿಗೂ ಕಳುಹಿಸಿದೆ.

ನನಗಿದ್ದ ಏಕೈಕ ಸಮಾಧಾನವೆಂದರೆ ಅಡೋಬ್ ಆರ್‌ಜಿಬಿಯ ಜನ್ಮವೃತ್ತಾಂತ. ಅದನ್ನು ರೂಪಿಸಿದವರು ವಿಡಿಯೋ ಮಾನದಂಡವೊಂದರ ದಾಖಲೆಯಿಂದ ಅಂಕಿಗಳನ್ನು ಎತ್ತಿಕೊಂಡಾಗ, ನಿಜವಾದ ಮೌಲ್ಯಗಳ ಬದಲು ಅನುಬಂಧದಲ್ಲಿದ್ದ ಆದರ್ಶ ಮೌಲ್ಯಗಳನ್ನು ತೆಗೆದುಕೊಂಡರು. ಸಾಲದ್ದಕ್ಕೆ ಕೆಂಪಿನ ಅಂಕಿಯನ್ನು ನಕಲು ಮಾಡುವಾಗಲೂ ಎಡವಿದರು. ತಪ್ಪು ಬಯಲಾಗುವಷ್ಟರಲ್ಲಿ ಆ ವಿಶಾಲ ಹರವು ಬಳಕೆದಾರರಿಗೆ ಹಿಡಿಸಿಬಿಟ್ಟಿತ್ತು. ಅಂಕಿಗಳನ್ನು ಹಾಗೆಯೇ ಬಿಟ್ಟು ಹೆಸರನ್ನಷ್ಟೇ ಅಡೋಬ್ ಆರ್‌ಜಿಬಿ 1998 ಎಂದು ಬದಲಿಸಿದರು.

ಅದೃಷ್ಟಕ್ಕೆ ಕ್ಯಾಮೆರಾದ ಕಾರ್ಡಿನಲ್ಲಿ ಮೂಲಚಿತ್ರ ತನ್ನ ಅಡಿಗೆರೆಯೊಂದಿಗೆ ಹಾಗೆಯೇ ಉಳಿದಿತ್ತು. ಈ ಬಾರಿ ಕ್ರಮವಾಗಿ ಕನ್ವರ್ಟ್ ಮಾಡಿ, ಚೌಕಕ್ಕೆ ಗುರುತು ಹಾಕಿ, ಮೈಬಣ್ಣ ಮೈಬಣ್ಣದಂತೆಯೇ ಇದೆಯೆಂದು ಮೂರು ಪರದೆಗಳಲ್ಲಿ ಪರೀಕ್ಷಿಸಿ, ಕ್ಷಮಾಪಣೆಯೊಂದಿಗೆ ಕಳುಹಿಸಿದೆ. ಸಂಜೆ ದೊಡ್ಡಪ್ಪನವರು ಫೋನ್ ಮಾಡಿದರು.

“ಇದು ಯಾಕೋ ಸಪ್ಪೆಯಾಗಿದೆಯಪ್ಪ. ಮೊದಲು ಕಳಿಸಿದ್ದರಲ್ಲಿ ಮುಖದಲ್ಲೊಂದು ತೇಜಸ್ಸಿತ್ತು. ಅದಕ್ಕೇ ಚೌಕಟ್ಟು ಹಾಕಿಸಿಬಿಟ್ಟೆ.”