ಮತ್ತೆ ಅದೇ ಪರೀಕ್ಷೆ, ಮತ್ತೆ ಅದೇ ಫೈಲು

ನಿನ್ನೆ ರಾತ್ರಿ ಒಮಾನ್‌ನ ಮಸ್ಕತ್‌ನಿಂದ ಗೆಳತಿಯ ಫೋನ್. ನಾವಿಬ್ಬರೂ ಅಲ್ಲಿ ಒಂದೇ ಐಸಿಯುನಲ್ಲಿ ನರ್ಸ್ ಆಗಿದ್ದವರು, ಹಳೆಯ ಸ್ನೇಹಿತರಿಗೆ ಗೊತ್ತು. ಅವಳ ಗಂಡನಿಗೆ ಸೌದಿಯ ದಮಾಮ್‌ನಲ್ಲಿ ಕೆಲಸ ಸಿಕ್ಕಿದೆ, ಇವಳೂ ಹೊರಟಿದ್ದಾಳೆ. ಅದಕ್ಕೆ ಮತ್ತೆ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ. ಒಂಬತ್ತು ವರ್ಷ ವೆಂಟಿಲೇಟರ್ ರೋಗಿಗಳನ್ನು ನೋಡಿಕೊಂಡವಳು, ನೈಟ್ ಡ್ಯೂಟಿ ಮುಗಿಸಿ ಬಂದು ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5 ಇರಬೇಕು ಎಂದು ಉರು ಹೊಡೆಯುತ್ತಾ ಕೂತಿದ್ದಾಳೆ. "ಓದಿದ್ದು ತಲೆಗೆ ಹತ್ತುತ್ತಿಲ್ಲ ಕಣೇ" ಎಂದು ಅತ್ತಳು. ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಪೊಟ್ಯಾಸಿಯಂ ಕ್ಲೋರೈಡನ್ನು ಸಲೈನ್‌ನಲ್ಲಿ ಬೆರೆಸದೆ ನೇರ ರಕ್ತನಾಳಕ್ಕೆ ಚುಚ್ಚಿದರೆ ಮಸ್ಕತ್‌ನಲ್ಲೂ ಹೃದಯ ನಿಲ್ಲುತ್ತದೆ, ದಮಾಮ್‌ನಲ್ಲೂ ನಿಲ್ಲುತ್ತದೆ. ಇದನ್ನು ದಿನಾ ನೆನಪಿಟ್ಟುಕೊಂಡು ಕೆಲಸ ಮಾಡಿದವಳನ್ನು ಗಡಿ ದಾಟಿದ ಕೂಡಲೇ ಹೊಸಬಳ ಹಾಗೆ ಯಾಕೆ ನೋಡಬೇಕು?

ಗಲ್ಫ್‌ನ ಆರು ದೇಶಗಳು 1981ರಿಂದ ಒಂದೇ ಕೂಟದಲ್ಲಿವೆ. 2008ರಲ್ಲಿ ಒಂದೇ ಮಾರುಕಟ್ಟೆ ಎಂದು ಘೋಷಿಸಿಕೊಂಡವು. ಆದರೆ ಉಡುಪಿ, ಕೊಟ್ಟಾಯಂ, ಮನಿಲಾದಿಂದ ಹೋದ ನರ್ಸ್‌ಗೆ ಪ್ರತಿ ದೇಶಕ್ಕೂ ಬೇರೆ ಲೈಸೆನ್ಸ್, ಬೇರೆ ಫೈಲು, ಬೇರೆ ಫೀಸು. ಒಂದಾಗಿಸಲು ಆಗುವುದಿಲ್ಲ ಅಂತೇನಿಲ್ಲ. ಯುಎಇಯಲ್ಲಿ ದುಬೈ, ಅಬುಧಾಬಿ, ಉಳಿದ ಎಮಿರೇಟ್‌ಗಳಿಗೆ ಬೇರೆ ಬೇರೆ ಪ್ರಾಧಿಕಾರ ಇದ್ದರೂ ಅರ್ಹತೆಯ ನಿಯಮ ಈಗ ಒಂದೇ.

ರೋಗಿಯ ಸುರಕ್ಷತೆ ಮುಖ್ಯ ಅಲ್ವಾ ಎನ್ನುತ್ತೀರಿ. ಖಂಡಿತ ಮುಖ್ಯ. ಆದರೆ ಈ ಪರೀಕ್ಷೆ ಅಳೆಯುವುದು ಏನನ್ನು? ಇಲ್ಲಿವರೆಗೆ ಯಾರಿಗೂ ಹೇಳದ ಮಾತು ಹೇಳುತ್ತೇನೆ. ಎಂಟು ವರ್ಷ ಐಸಿಯು ಅನುಭವ ಇದ್ದಾಗ ನಾನು ಇಂಥದೇ ಪರೀಕ್ಷೆಯಲ್ಲಿ ಫೇಲ್ ಆಗಿದ್ದೆ. ಹೆರಿಗೆ, ಮಕ್ಕಳ ವಿಭಾಗದ ಪ್ರಶ್ನೆಗಳೇ ಜಾಸ್ತಿ ಬಂದಿದ್ದವು, ಕಾಲೇಜು ಬಿಟ್ಟ ಮೇಲೆ ನಾನು ಆ ವಾರ್ಡಿಗೆ ಕಾಲಿಟ್ಟಿರಲಿಲ್ಲ. ಅವತ್ತು ರಾತ್ರಿಯೂ ಡ್ಯೂಟಿಗೆ ಹೋದೆ. ಒಬ್ಬ ರೋಗಿಯ ಹೃದಯ ನಿಂತಿತು, ಸಿಪಿಆರ್ ಮಾಡಿ ಉಳಿಸಿಕೊಂಡೆವು. ಮನೆಗೆ ಫೋನ್ ಮಾಡಿದಾಗ ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದು ಸುಳ್ಳು ಹೇಳಿದೆ.

ನರ್ಸ್ ಏನು ಓದಿದ್ದಾಳೆ ಎನ್ನುವುದರ ಜೊತೆಗೆ ಏನು ಮಾಡಬಲ್ಲಳು ಎನ್ನುವುದನ್ನೂ ನೋಡಲಿ. ಆರೂ ದೇಶ ಕೂತು ಅದಕ್ಕೊಂದು ಅಳತೆ ಬರೆಯಲಿ. ಅದರಲ್ಲಿ ಒಮ್ಮೆ ಪಾಸಾದರೆ ಆರೂ ಕಡೆ ಒಪ್ಪಲಿ. ಆ ದೇಶದ ಕಾನೂನು ಗೊತ್ತಿರಬೇಕೆಂದರೆ ಅದಕ್ಕೊಂದು ಸಣ್ಣ ಪೇಪರ್ ಇಡಲಿ, ಯಾರು ಬೇಡ ಎಂದರು?

ಬರೀ ಸಹಿ ಹಾಕಿದರೂ ಸಾಲದು. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದಲ್ಲಿ ಆಗ ಇದ್ದ ಹತ್ತು ದೇಶಗಳು 2006ರ ಡಿಸೆಂಬರ್‌ನಲ್ಲಿ ಒಬ್ಬರ ನರ್ಸ್‌ಗಳನ್ನು ಇನ್ನೊಬ್ಬರು ಒಪ್ಪುವ ಒಪ್ಪಂದ ಮಾಡಿಕೊಂಡವು. ಆದರೂ ಕೊನೆಯ ಮಾತು ಆಯಾ ದೇಶದ್ದೇ. ಥಾಯ್ಲೆಂಡಿನ ಲೈಸೆನ್ಸ್ ಪರೀಕ್ಷೆ ಥಾಯ್ ಭಾಷೆಯಲ್ಲೇ ಇದೆ, ಫಿಲಿಪೀನ್ಸ್ ಹುಡುಗಿ ಅದನ್ನು ಹೇಗೆ ಬರೆಯಬೇಕು? ಕೆರಿಬಿಯನ್ ದ್ವೀಪಗಳು ಇನ್ನೂ ಮುಂದೆ ಹೋದವು. ಅಲ್ಲಿ 1993ರಿಂದ ನರ್ಸ್‌ಗಳ ನೋಂದಣಿಗೆ ಹಲವು ದೇಶ ಸೇರಿ ಒಂದೇ ಪರೀಕ್ಷೆ ನಡೆಸುತ್ತಿವೆ. ಚಿಕ್ಕ ಚಿಕ್ಕ ದ್ವೀಪಗಳಿಗೆ ಆಗಿದ್ದು ಗಲ್ಫ್‌ಗೆ ಆಗದೇ?

ಕುವೈತ್, ಕತಾರ್, ಬಹರೈನ್‌ನಲ್ಲಿರುವ ನಮ್ಮ ನರ್ಸ್‌ಗಳೇ, ನೀವು ಎಷ್ಟು ಸಲ ಬರೆದಿದ್ದೀರಿ, ಹೇಳಿ. ನನ್ನ ಗೆಳತಿಗೆ ಭಾನುವಾರ ಪರೀಕ್ಷೆ. ಶನಿವಾರ ರಾತ್ರಿ ರಜೆ ಸಿಕ್ಕಿಲ್ಲ.