ಪಾಸ್ಖ (ಈಸ್ಟರ್) ಕಾಲ 50 ದಿನ, ನಾವು ಆಚರಿಸುವುದು ಒಂದೇ ದಿನ

ಕಾರವಾರದಿಂದ ಭಟ್ಕಳದವರೆಗೆ ಯಾವ ಇಗರ್ಜಿಗೆ ಹೋದರೂ ಈಸ್ಟರ್‌ಗೆ ಮುಂಚಿನ 40 ದಿನಗಳ ತಪಸ್ಸುಕಾಲದ ಶಿಸ್ತು ಕಣ್ಣಿಗೆ ಬೀಳುತ್ತದೆ. ಶುಕ್ರವಾರದ ಶಿಲುಬೆಯ ಹಾದಿಗೆ ಬೆಂಚುಗಳು ತುಂಬುತ್ತವೆ. ಧರ್ಮಸಭೆ ಕೇಳುವುದು ಮಾಂಸ ಬಿಡಿ ಎಂದಷ್ಟೇ, ಆದರೂ ನಮ್ಮ ಕರಾವಳಿಯಲ್ಲಿ ಮೀನನ್ನೂ ಬಿಡುವವರಿದ್ದಾರೆ. ಅದು ಸಣ್ಣ ತ್ಯಾಗವಲ್ಲ. ಇಷ್ಟು ಶ್ರದ್ಧೆಯಿಂದ 40 ದಿನ ಕಾದವರು ಈಸ್ಟರ್ ಸೋಮವಾರವೇ ಹಬ್ಬ ಮುಗಿಯಿತು ಎಂದು ಎದ್ದುಬಿಡುತ್ತೇವಲ್ಲ, ಧರ್ಮಕೇಂದ್ರದ, ಅಂದರೆ ಊರಿನ ಇಗರ್ಜಿಯ, ಗುರುವಾಗಿ ನನಗೆ ಅದು ನಿಜವಾಗಿಯೂ ನೋವು ತರುತ್ತದೆ.

ಪಾಸ್ಖ ಕಾಲ ಪುನರುತ್ಥಾನದ (ಈಸ್ಟರ್) ಭಾನುವಾರದಿಂದ, ಪವಿತ್ರಾತ್ಮರು ಇಳಿದುಬಂದುದನ್ನು ನೆನೆಯುವ ಪೆಂತೆಕೋಸ್ತ್ ಹಬ್ಬದವರೆಗೆ 50 ದಿನ. 2026ರಲ್ಲಿ ಏಪ್ರಿಲ್ 5ರಿಂದ ಮೇ 24ರವರೆಗೆ. ಇಷ್ಟೂ ದಿನವನ್ನು ಒಂದೇ ದೊಡ್ಡ ಭಾನುವಾರದಂತೆ ಆಚರಿಸಬೇಕು ಎಂಬುದು ಧರ್ಮಸಭೆಯ ನಿಯಮ. ಅಂದರೆ ತಪಸ್ಸಿಗಿಂತ ಹಬ್ಬ 10 ದಿನ ಉದ್ದ. (ಕ್ರಿಸ್ಮಸ್‌ದೂ ಇದೇ ಕಥೆ. ಯೇಸುಸ್ವಾಮಿಯ ದೀಕ್ಷಾಸ್ನಾನದ ಹಬ್ಬದವರೆಗೆ ಇರಬೇಕಾದ ಗೋದಲಿಯನ್ನು ಜನವರಿ ಒಂದಕ್ಕೇ ಕಟ್ಟಿ ಅಟ್ಟಕ್ಕೆ ಹಾಕುತ್ತೇವೆ.)

ಮೊದಲು ಪಾಸ್ಖ ಮೇಣದಬತ್ತಿಯ ವಿಷಯ. ಈಸ್ಟರ್ ಮುನ್ನಾದಿನದ ಜಾಗರಣೆಯ ರಾತ್ರಿ ಅದರ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರಗಳಾದ ಆಲ್ಫಾ, ಒಮೆಗಾ, ಆ ವರ್ಷದ ನಾಲ್ಕು ಅಂಕಿ ಕೆತ್ತಿ, ಧೂಪದ ಐದು ಕಾಳು ಚುಚ್ಚುತ್ತೇವೆ. ಇದು ನಿಜವಾದ ಮೇಣದ್ದೇ ಆಗಿರಬೇಕು, ಪ್ರತಿವರ್ಷ ಹೊಸದಿರಬೇಕು ಎಂದು ವ್ಯಾಟಿಕನ್ನಿನ 1988ರ ಸುತ್ತೋಲೆ ಹೇಳಿದೆ. ಎಣ್ಣೆ ತುಂಬಿದ ಪ್ಲಾಸ್ಟಿಕ್ ಕೊಳವೆ ನಡೆಯುವುದಿಲ್ಲ. ಮೂರನೇ ವಾರಕ್ಕೆ ಈ ಪಾಸ್ಖ ಬತ್ತಿ ಹಚ್ಚುವುದೇ ನಿಂತುಹೋಗುವುದಕ್ಕೆ ಎರಡು ಕಾರಣ. ಒಂದು, ಕರಗಿ ಮುಗಿದೀತು ಎಂಬ ಹೆದರಿಕೆ. ದಿನದ ಪೂಜೆಗೆ ಮುಕ್ಕಾಲು ಗಂಟೆ ಹಿಡಿದರೂ 50 ದಿನಕ್ಕೆ 40 ಗಂಟೆಯೊಳಗೇ ಮುಗಿಯುತ್ತದೆ, ದಪ್ಪ ಬತ್ತಿಗೆ ಅದೇನೂ ಹೆಚ್ಚಲ್ಲ. ಎರಡು, ಫ್ಯಾನು. ಏಪ್ರಿಲ್-ಮೇ ಸೆಕೆಯಲ್ಲಿ ಫ್ಯಾನ್ ಇಲ್ಲದೆ ಕೂರಲಾಗದು, ಆದರೆ ಅದರ ಗಾಳಿಗೆ ಜ್ವಾಲೆ ಒಂದೇ ಕಡೆ ವಾಲಿ ಆ ಬದಿಯ ಮೇಣ ಸೋರಿ ಹೋಗುತ್ತದೆ. ಬತ್ತಿಯ ನೇರ ಮೇಲಿರುವ ಫ್ಯಾನ್ ಒಂದನ್ನು ಮಾತ್ರ ನಿಲ್ಲಿಸಿ. ಹಚ್ಚುವ ಮೊದಲು ದಾರವನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ. ಪೂಜೆ ಮುಗಿದ ಕೂಡಲೇ, ಅಂಚು ಮೆತ್ತಗಿರುವಾಗ, ಬೆರಳಿನಿಂದ ಒಳಕ್ಕೆ ಒತ್ತಿ. ಕಿಟಕಿಯ ಬಿಸಿಲಿಗೆ ಮಲಗಿಸಿಟ್ಟರೆ ಬಾಗುತ್ತದೆ, ಯಾವಾಗಲೂ ನಿಲ್ಲಿಸಿಯೇ ಇಡಬೇಕು. ಪೀಠಸೇವಕರಲ್ಲಿ ಒಬ್ಬರಿಗೆ ಇಷ್ಟನ್ನು ಒಪ್ಪಿಸಿದರೆ ಸಾಕು. ಪೆಂತೆಕೋಸ್ತ್ ಮುಗಿದ ಮೇಲೆ ಅದೇ ಬತ್ತಿ ದೀಕ್ಷಾಸ್ನಾನದ ತೊಟ್ಟಿಯ ಬಳಿ ನಿಲ್ಲುತ್ತದೆ, ವರ್ಷವಿಡೀ ಕೂಸುಗಳ ದೀಕ್ಷಾಸ್ನಾನಕ್ಕೂ ನಮ್ಮವರ ಶವಪೆಟ್ಟಿಗೆಯ ಪಕ್ಕಕ್ಕೂ ಅದೇ ಬೇಕು.

ಹೂವಿನ ಹಣವನ್ನು ಒಂದೇ ರಾತ್ರಿಗೆ ಸುರಿಯಬೇಡಿ. ಅರ್ಧವನ್ನು ಜಾಗರಣೆಗೆ ಇಟ್ಟು ಉಳಿದದ್ದನ್ನು ಮುಂದಿನ ಭಾನುವಾರಗಳಿಗೆ ಹಂಚಿ. ಆಮೇಲೆ ಅಂಗಳದ ದಾಸವಾಳವೇ ಸಾಕು. ಗಾಯನವೃಂದದವರೂ ಅಷ್ಟೇ, ತಪಸ್ಸುಕಾಲದಲ್ಲಿ ಶುಭ ಶುಕ್ರವಾರದ ಹಾಡುಗಳ ಜೊತೆಗೆ ಐದಾರು ಪಾಸ್ಖ ಗೀತೆಗಳನ್ನೂ ಕಲಿತಿರಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು: ಹಾಸಿಗೆ ಹಿಡಿದ ಹಿರಿಯರು. ವರ್ಷಕ್ಕೊಮ್ಮೆಯಾದರೂ ಪಾಸ್ಖ ಕಾಲದಲ್ಲಿ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ) ಸ್ವೀಕರಿಸಬೇಕು ಎಂಬ ನಿಯಮವಿದೆ. ಅದನ್ನು ಈಸ್ಟರ್‌ಗೆ ಮುಂಚಿನ ಪವಿತ್ರ ವಾರದೊಳಗೇ ಮುಗಿಸಬೇಕು ಎಂದು ತಿಳಿದು ಮನೆಯವರು ಅವಸರಪಡುತ್ತಾರೆ. ಗುರುಗಳು ಒಂದೇ ಬೆಳಿಗ್ಗೆ ಹತ್ತು-ಹನ್ನೆರಡು ಮನೆ ಸುತ್ತಿ, ಪಾಪನಿವೇದನೆ ಕೇಳಿ, ಅಜ್ಜಿ ಮಾತು ಮುಗಿಸುವ ಮೊದಲೇ ಎದ್ದು ಹೊರಡುತ್ತಾರೆ. ಈ ಓಟ ಬೇಡ. 50 ದಿನ ಇದೆ. ನಡೆಯಲಾಗದವರ ಹೆಸರು, ಮನೆಯ ದಾರಿ, ಅವರು ನುಂಗಬಲ್ಲರೋ ಇಲ್ಲವೋ ಎಂಬುದನ್ನು ವಾರ್ಡಿನ ಮುಖಂಡರಾದ ಗುರಿಕಾರರು ಬರೆದು ಕೊಡಲಿ. ನುಂಗಲು ಕಷ್ಟವಿದ್ದರೆ ಚಿಕ್ಕ ಚೂರು ಕೊಡಬಹುದು, ಪಕ್ಕದಲ್ಲಿ ಒಂದು ಲೋಟ ನೀರಿರಲಿ.

ಮನೆಗಳ ಆಶೀರ್ವಾದಕ್ಕೂ ಇದೇ ಕಾಲ. 140 ಮನೆಗಳ ಧರ್ಮಕೇಂದ್ರ ಎಂದಿಟ್ಟುಕೊಳ್ಳಿ. ಮೊದಲ ವಾರ ಬಿಟ್ಟರೂ ಆರು ವಾರ ಉಳಿಯುತ್ತದೆ. ವಾರಕ್ಕೆ ನಾಲ್ಕು ಸಂಜೆ, ಸಂಜೆಗೆ ಆರು ಮನೆ ಹಿಡಿದರೆ 144 ಮನೆ ಆಯಿತು. ಜಾಗರಣೆಯಲ್ಲಿ ಆಶೀರ್ವದಿಸಿದ ನೀರನ್ನೇ ಒಯ್ಯಬೇಕು. ಡ್ರಮ್ಮಿಗೆ ಬಿಸಿಲು ಬಿದ್ದರೆ ಹದಿನೈದು ದಿನಕ್ಕೆ ಪಾಚಿ ಕಟ್ಟುತ್ತದೆ, ಆದ್ದರಿಂದ ಮೊದಲೇ ಚೆನ್ನಾಗಿ ತೊಳೆದು, ಮುಚ್ಚಿ, ನೆರಳಲ್ಲಿಡಿ. ಮುಂಬೈ, ಗೋವಾ, ಗಲ್ಫ್‌ನಲ್ಲಿರುವ ಮಕ್ಕಳು ರಜೆಗೆ ಊರಿಗೆ ಬರುವುದೂ ಮೇ ತಿಂಗಳಲ್ಲೇ. ಡಿಸೆಂಬರ್ ಬಿಟ್ಟರೆ ಇಡೀ ಮನೆ ಒಟ್ಟಿಗೆ ಸಿಗುವುದು ಆಗ ಮಾತ್ರ.

ಪಾಸ್ಖ ಕಾಲದ ಪೂಜೆಯ ಮೊದಲ ವಾಚನಗಳು ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳು ಎಂಬ ಪುಸ್ತಕದಿಂದ ಬರುತ್ತವೆ. ಈ ವರ್ಷ ಮೇ 3ರ ಭಾನುವಾರ ಓದುವುದು ಆರನೇ ಅಧ್ಯಾಯ. ದಿನದ ಊಟ ಹಂಚುವಾಗ ಕೆಲವು ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ ಸಭೆ ಏಳು ಮಂದಿಯನ್ನು ಆರಿಸಿ ಆ ಕೆಲಸ ವಹಿಸಿತು. ಇದನ್ನು ಕೇಳಿ ಸುಮ್ಮನೆ ಮನೆಗೆ ಹೋಗುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧದಿಂದಾಗಿ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಬೋಟಿನ ಕೂಲಿ, ಮಂಜುಗಡ್ಡೆಯ ಕೆಲಸ, ಬುಟ್ಟಿ ಹೊತ್ತು ಮೀನು ಮಾರುವುದು, ಇವನ್ನೇ ನಂಬಿದ ಮನೆಗಳಿಗೆ ಆಗ ಕೈಗೆ ಕಾಸಿರುವುದಿಲ್ಲ. ಅದರ ಮೇಲೆ ಮಳೆ, ಶಾಲೆಯ ಪುಸ್ತಕ, ಸಮವಸ್ತ್ರ. ತಪಸ್ಸುಕಾಲದ ಉಳಿತಾಯದ ಹಣದಲ್ಲಿ ಬಿಷಪರ ಧರ್ಮಪ್ರಾಂತ್ಯಕ್ಕೆ ಕೊಡುವುದನ್ನು ಕೊಟ್ಟು, ಧರ್ಮಕೇಂದ್ರದ ಪಾಲನ್ನು ಪೆಂತೆಕೋಸ್ತ್‌ನೊಳಗೆ ಅಕ್ಕಿ ಮಾಡಿ ಆ ಮನೆಗಳಿಗೆ ಮುಟ್ಟಿಸಬೇಕು, ಯಾವ ಧರ್ಮದವರ ಮನೆಯೇ ಆಗಿರಲಿ. ಫೋಟೊ ತೆಗೆಯುವುದು ಬೇಡ. ಹೆಸರನ್ನು ಪೀಠದಿಂದ ಓದುವುದೂ ಬೇಡ. ಗುರಿಕಾರರು ಏಪ್ರಿಲ್ ಕೊನೆಯೊಳಗೆ ಪಟ್ಟಿ ತಯಾರಿಸಿದರೆ ಮೇ ಎರಡನೇ ವಾರಕ್ಕೆ ಚೀಲಗಳು ಸಿದ್ಧವಾಗುತ್ತವೆ, ಮಳೆ ಹಿಡಿಯುವ ಮೊದಲೇ ಒಣ ಅಕ್ಕಿ ಮನೆ ಸೇರುತ್ತದೆ.