ಕುದುರೆಯ ಬೆವರು ಯಾರ ಪಾಲಿಗೆ?

ಕೆನಡಾದ ಕ್ಯಾಲ್ಗರಿಯ ಹೊರವಲಯದ ಒಂದು ಲಾಯದಲ್ಲಿ ಕೆಂದು ಬಣ್ಣದ, ವಯಸ್ಸಾಗುತ್ತಿರುವ ಹೆಣ್ಣುಗುದುರೆಯೊಂದನ್ನು ನಾನು ಅರ್ಧ ಲೀಸಿಗೆ ಪಡೆದಿದ್ದೇನೆ. ಅರ್ಧ ಖರ್ಚು ನನ್ನದು, ವಾರದಲ್ಲಿ ಅರ್ಧ ದಿನಗಳ ಸವಾರಿ ನನ್ನದು. ಅಕ್ಟೋಬರ್ ಕೊನೆಯಲ್ಲಿ ಲಾಯದ ಒಡತಿ ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದರು: ಚಳಿಗಾಲದಲ್ಲೂ ಸವಾರಿ ಮುಂದುವರಿಸುತ್ತೀರೋ, ಇಲ್ಲ ಮಾರ್ಚ್‌ವರೆಗೆ ಕುದುರೆಯನ್ನು ಬಯಲಿಗೆ ಬಿಟ್ಟು ವಿಶ್ರಾಂತಿ ಕೊಡೋಣವೋ? ಬಿಸಿಲ ನಾಡಿನಿಂದ ಬಂದವನು ಚಳಿಗೆ ಅಂಜುತ್ತಾನೆಂದು ಅವರು ಎಣಿಸಿಯಾರೆಂಬ ಬಿಗುಮಾನದಲ್ಲಿ, ಚಳಿ ನನಗೆ ರೂಢಿಯಾಗಿದೆ, ತಪ್ಪದೆ ಬರುತ್ತೇನೆ ಎಂದೆ. ಅವರು ನಗಲೂ ಇಲ್ಲ. "ನಿಮ್ಮ ಚಳಿಯ ಮಾತು ನಾನು ಕೇಳಲಿಲ್ಲ. ಅದರ ಬೆವರನ್ನು ಏನು ಮಾಡುತ್ತೀರಿ, ಅದನ್ನು ಹೇಳಿ" ಎಂದರು.

ಮಾತು ಸ್ವಲ್ಪ ಚುಚ್ಚಿತು. ಅದಕ್ಕಿಂತ ಹೆಚ್ಚಾಗಿ, ಇಂಥದೊಂದು ಪ್ರಶ್ನೆಯನ್ನು ಮೈಸೂರಿನಲ್ಲಿ ಯಾರೂ, ಎಂದೂ ನನ್ನ ಮುಂದಿಡಲಿಲ್ಲವಲ್ಲ ಎಂಬುದು ಮನೆಗೆ ಬರುವ ದಾರಿಯುದ್ದಕ್ಕೂ ಕಾಡಿತು.

ಮೈಸೂರಿನವರಾದ ನಮಗೆ ಕುದುರೆಯೇನೂ ಹೊಸದಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿನಲ್ಲಿ ಬೆಳಗಿನ ಜಾವ ಓಡುವ ಕುದುರೆಗಳನ್ನು ಬೇಲಿಯಾಚೆಯಿಂದ ನೋಡುತ್ತಲೇ ಬೆಳೆದವರು ನಾವು. ಬನ್ನಿಮಂಟಪದ ಪಂಜಿನ ಕವಾಯತಿಗೆ ಪಾಸು ಸಿಗದಿದ್ದರೆ ಅಶ್ವಾರೋಹಿ ಪೊಲೀಸರ ತಾಲೀಮನ್ನಾದರೂ ನೋಡಿ ಬರುತ್ತಿದ್ದೆವು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದ ಜೊತೆಗೂಡಿ ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದದ್ದು ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಎಂಬ ಸಂಗತಿಯನ್ನು ಮದುವೆಮನೆಯ ಪಂಕ್ತಿಯಲ್ಲಿ ಕುಳಿತ ಹಿರಿಯರೊಬ್ಬರಾದರೂ ಎತ್ತದೆ ಬಿಡುವುದಿಲ್ಲ. ಆ ಹೆಮ್ಮೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ನಮ್ಮ ಹೆಮ್ಮೆಯ ಕುದುರೆಗೆ ಯಾವಾಗಲೂ ಜೀನು ಬಿಗಿದಿರುತ್ತದೆ, ಮೈ ಮಿರುಗುತ್ತಿರುತ್ತದೆ. ಜೀನು ಇಳಿಸಿದ ಮೇಲೆ ಅದಕ್ಕೂ ಒಂದು ಬಾಳು ಇದೆಯೆಂಬುದು ನಮ್ಮ ಮಾತಿನೊಳಕ್ಕೆ ಬರುವುದೇ ಇಲ್ಲ.

ನಾನು ಸವಾರಿ ಕಲಿತದ್ದೂ ಮೈಸೂರಿನಲ್ಲೇ, ಹೈಸ್ಕೂಲಿನ ದಿನಗಳಲ್ಲಿ, ಭಾನುವಾರದ ತರಗತಿಗಳಲ್ಲಿ. ಅಲ್ಲಿನ ಕ್ರಮ ಸರಳವಾಗಿತ್ತು. ನಾವು ಹೋಗುವ ಹೊತ್ತಿಗೆ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಅದನ್ನು ಉಜ್ಜಿ, ಗೊರಸು ಕೆರೆದು, ಜೀನು ಬಿಗಿದು, ಕಡಿವಾಣ ತೊಡಿಸಿ ನಿಲ್ಲಿಸಿರುತ್ತಿದ್ದರು. ರಿಕಾಪಿಗೆ ಕಾಲಿಟ್ಟು ಹತ್ತುವುದು, ಮೇಷ್ಟರು ಹೇಳಿದಂತೆ ಅರ್ಧ ಗಂಟೆ ಸುತ್ತುವುದು, ಇಳಿಯುವುದು, ಲಗಾಮನ್ನು ಸೈಸ್ ಕೈಗೆ ಕೊಟ್ಟು ನಜರ್‌ಬಾದಿನ ಕಡೆಗೆ ಬೆಣ್ಣೆದೋಸೆಗೆ ಸೈಕಲ್ ತುಳಿಯುವುದು. ಆಮೇಲೆ ಅದನ್ನು ನಡೆಸಿ ತಣಿಸುವುದು, ನೀರು ಕುಡಿಸುವುದು, ಮೈ ಒರೆಸುವುದು, ಬೇಯಿಸಿದ ಹುರುಳಿ ತಿನ್ನಿಸುವುದು ಇವೆಲ್ಲ ನಮ್ಮ ಬೆನ್ನ ಹಿಂದೆ ನಡೆಯುತ್ತಿದ್ದ ಕೆಲಸಗಳು. ಹಾಗಾಗಿ ಸವಾರಿ ಮಾಡಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ನಮ್ಮ ಲೆಕ್ಕಕ್ಕೆ ಬರುತ್ತಿದ್ದುದು ನಮ್ಮ ನಿದ್ದೆ, ನಮ್ಮ ಪರೀಕ್ಷೆ, ನಮ್ಮ ಶೀತ ಇಷ್ಟೇ.

ಇಲ್ಲಿ ಆ ಲೆಕ್ಕ ತಲೆಕೆಳಗು. ಕುದುರೆಯ ಮೈ ಚಳಿಗಾಲಕ್ಕೆ ಅಣಿಯಾಗುವುದು ಥರ್ಮಾಮೀಟರ್ ನೋಡಿಕೊಂಡಲ್ಲ, ಹಗಲು ನೋಡಿಕೊಂಡು. ಬೆಳಕಿನ ಗಂಟೆಗಳು ಕುಗ್ಗತೊಡಗಿದಂತೆ, ಹೊರಗಿನ್ನೂ ಬೆಚ್ಚಗಿರುವಾಗಲೇ, ಹಳೆಯ ಕೂದಲು ಉದುರಿ ಹೊಸದು ಒತ್ತಾಗಿ ಬರಲಾರಂಭಿಸುತ್ತದೆ; ಡಿಸೆಂಬರಿನಲ್ಲಿ ಹಗಲು 8 ಗಂಟೆಗೂ ಕಡಿಮೆಯಾಗುವ ಈ ಊರಿನಲ್ಲಿ ಆ ಹೊತ್ತಿಗೆ ಕತ್ತಿನ ಕೂದಲಲ್ಲಿ ಬೆರಳು ಹೂತುಹೋಗುತ್ತದೆ. ಚಳಿ ಹೆಚ್ಚಾದಾಗ ಆ ಕೂದಲು ನಿಮಿರಿ ನಿಂತು ತನ್ನೊಳಗೆ ಗಾಳಿಯನ್ನು ಹಿಡಿದಿಡುತ್ತದೆ. ಕುದುರೆಗೆ ಹಿತವಾದ ಹವೆ ಸುಮಾರು 5ರಿಂದ 25 ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ. ಇಂಥ ಕೂದಲು ಬಂದ ಮೇಲೆ ಸೊನ್ನೆಯಿಂದ ಎಷ್ಟೋ ಕೆಳಗಿನ ಚಳಿಯಲ್ಲೂ ಅದು ನಿಶ್ಚಿಂತೆಯಾಗಿ ಹಿಮದಲ್ಲಿ ನಿಂತು ಹುಲ್ಲು ಮೇಯುತ್ತಿರುತ್ತದೆ. ಆದರೆ ಈ ಎಲ್ಲ ಏರ್ಪಾಡೂ ನಡೆಯುವುದು ಮೈ ಒಣಗಿರುವವರೆಗೆ ಮಾತ್ರ. ನಾವು ಹತ್ತಿ ನಾಲ್ಕು ಸುತ್ತು ಓಡಿಸಿದರೆ ಬೆವರು ಬುಡದಿಂದಲೇ ಕೂದಲನ್ನು ತೋಯಿಸಿ ಮೈಗೆ ಅಂಟಿಸುತ್ತದೆ, ಒಳಗಿನ ಗಾಳಿ ಹೋಗುತ್ತದೆ, ಸವಾರ ಕಾರಿನ ಹೀಟರ್ ಹಾಕಿಕೊಂಡು ಮನೆ ಸೇರುವಷ್ಟರಲ್ಲಿ ಕುದುರೆ ನಡುಗುತ್ತಾ ನಿಂತಿರುತ್ತದೆ.

ಆದ್ದರಿಂದ ಇಲ್ಲಿ ಅರ್ಧ ಗಂಟೆಯ ಸವಾರಿಗೆ ಒಂದು ಗಂಟೆಯ ಒಣಗಿಸುವಿಕೆ. ಮೊದಲು ಬಿಗಿ ಸಡಿಲಿಸಿ ನಡೆಸಬೇಕು, ಉಣ್ಣೆಯ ಹೊದಿಕೆ ಹಾಕಿ ತೇವ ಮೇಲಕ್ಕೆ ಬರುವವರೆಗೆ ಕಾಯಬೇಕು, ಟವೆಲ್ಲಿನಿಂದ ಕೂದಲನ್ನು ಎದುರುಮುಖವಾಗಿ ಉಜ್ಜಬೇಕು, ಕೈಗವಸು ತೆಗೆದು ಎದೆಯ ಸಂದಿ ಮತ್ತು ಜೀನಿನ ಪಟ್ಟಿ ಬಿಗಿದ ಜಾಗವನ್ನು ಮುಟ್ಟಿ ನೋಡಬೇಕು. ಇದನ್ನು ತಪ್ಪಿಸಿಕೊಳ್ಳಲು ಒಂದು ಉಪಾಯವಿದೆ; ಬೆವರುವ ಕತ್ತು, ಎದೆ, ಹೊಟ್ಟೆಯ ಭಾಗಗಳ ಕೂದಲನ್ನು ಮೆಷೀನಿನಿಂದ ಕತ್ತರಿಸಿಬಿಡುವುದು. ಹಾಗೆ ಕತ್ತರಿಸಿದರೆ ಬೇಗ ಒಣಗುತ್ತದೆ, ನಿಜ. ಆದರೆ ಅಂದಿನಿಂದ ವಸಂತದವರೆಗೆ ಆ ಕೂದಲಿನ ಕೆಲಸವನ್ನು ಕಂಬಳಿಯಿಂದ ನಾವೇ ಮಾಡಬೇಕು, ಹಗಲೂ ರಾತ್ರಿಯೂ. ಅದರಲ್ಲೂ ಈ ಊರಿನಲ್ಲಿ ಚಿನೂಕ್ ಎಂಬ ಬಿಸಿಗಾಳಿ ಬೆಟ್ಟಸಾಲಿನಿಂದ ಇಳಿದು ಬಂತೆಂದರೆ ಕೆಲವೇ ಗಂಟೆಗಳಲ್ಲಿ ಉಷ್ಣಾಂಶ ಹತ್ತಿಪ್ಪತ್ತು ಡಿಗ್ರಿ ಏರಿಬಿಡುತ್ತದೆ. ಬೆಳಿಗ್ಗೆ ಹೊದಿಸಿದ ದಪ್ಪ ಕಂಬಳಿಯೊಳಗೆ ಕುದುರೆ ಮಧ್ಯಾಹ್ನ ನಿಂತಲ್ಲೇ ಬೆವರುತ್ತದೆ. ಯಾರಾದರೂ ಹೋಗಿ ತೆಗೆಯಬೇಕು. ಆಫೀಸಿನ ಮೀಟಿಂಗಿನಲ್ಲಿ ಕುಳಿತವನಿಗೆ ಇದು ಸಣ್ಣ ಮಾತಲ್ಲ.

ಉಳಿದ ಕೆಲಸಗಳೂ ಇದೇ ಜಾತಿಯವು. ಲಾಳ ಹಾಕಿದ ಗೊರಸಿನ ತಳದಲ್ಲಿ ಹಿಮ ಕರಗಿ, ಕಬ್ಬಿಣಕ್ಕೆ ತಾಗಿ ಮತ್ತೆ ಗಟ್ಟಿಯಾಗಿ ಉಂಡೆಗಟ್ಟುತ್ತದೆ. ನಾಲ್ಕು ಕಾಲಿಗೂ ನದಿಯ ಗುಂಡುಕಲ್ಲು ಕಟ್ಟಿದಂತೆ ಕುದುರೆ ಓಲಾಡುತ್ತಾ ನಡೆಯುತ್ತದೆ, ಕಾಲು ಉಳುಕುತ್ತದೆ. ಗೊರಸು ಕೆರೆಯುವ ಕೊಕ್ಕೆಯಿಂದ ಆ ಉಂಡೆಯನ್ನು ಎಬ್ಬಿಸಲು ಹೋದರೆ ಕೊಕ್ಕೆ ಜಾರಿ ಬೆರಳು ಕೆತ್ತುತ್ತದೆ. ಅದಕ್ಕಾಗಿ ನವೆಂಬರಿನಲ್ಲೇ ಅನೇಕರು ಲಾಳ ತೆಗೆಸಿಬಿಡುತ್ತಾರೆ. ಕಡಿವಾಣದ ಕಬ್ಬಿಣವನ್ನು ಹಾಗೆಯೇ ಬಾಯಿಗೆ ತುರುಕಿದರೆ ನಾಲಿಗೆಗೆ ಪೆಟ್ಟು. ಹಾಗಾಗಿ ಮೈ ಉಜ್ಜುವಷ್ಟು ಹೊತ್ತು ಅದನ್ನು ನಾನು ಜಾಕೆಟ್ಟಿನೊಳಗೆ ಕಂಕುಳಲ್ಲಿ ಇಟ್ಟುಕೊಂಡಿರುತ್ತೇನೆ, ಮೊದಲ ಒಂದು ನಿಮಿಷ ನನ್ನ ಹಲ್ಲು ಕಟಕಟ ಎನ್ನುತ್ತದೆ. ನೀರು ಮಂಜುಗಡ್ಡೆಯಾಗದಂತೆ ತೊಟ್ಟಿಗೆ ಹೀಟರ್ ಇದೆ, ಏಕೆಂದರೆ ತೀರಾ ತಣ್ಣಗಿನ ನೀರನ್ನು ಕುದುರೆ ಕಡಿಮೆ ಕುಡಿಯುತ್ತದೆ, ಮೇಲೆ ಒಣಹುಲ್ಲು ತಿಂದು ಕರುಳು ಕಟ್ಟಿಕೊಳ್ಳುತ್ತದೆ, ಕುದುರೆಯ ಹೊಟ್ಟೆನೋವು ಪ್ರಾಣಕ್ಕೇ ಬರಬಹುದು. ಅಮ್ಮ ಫೋನಿನಲ್ಲಿ, "ಹುರುಳಿ ಬೇಯಿಸಿ ಹಾಕೋ, ಉಷ್ಣ, ಮೈ ಬೆಚ್ಚಗಿರತ್ತೆ" ಎಂದರು. ಇಲ್ಲಿನ ಪಶುವೈದ್ಯರು ಕಾಳಿಗಿಂತ ಹುಲ್ಲನ್ನೇ ಹೆಚ್ಚಿಸಲು ಹೇಳುತ್ತಾರೆ. ದೊಡ್ಡಕರುಳಿನಲ್ಲಿ ಹುಲ್ಲು ಹುಳಿಯುವಾಗ ಹುಟ್ಟುವ ಶಾಖವೇ ಕುದುರೆಯ ಒಲೆಯಂತೆ. 500 ಕಿಲೋ ತೂಕದ ಕುದುರೆಗೆ ದಿನಕ್ಕೆ 10 ಕಿಲೋದಷ್ಟು ಒಣಹುಲ್ಲು ಬೇಕು, ಕಡು ಚಳಿಯಲ್ಲಿ ಇನ್ನೂ ಹೆಚ್ಚು. ಅಮ್ಮನಿಗೆ ಈ ವಿವರಣೆ ಒಪ್ಪಿಗೆಯಾಗಿಲ್ಲ.

ಇದನ್ನೆಲ್ಲ ಕಲಿತ ಕಣ್ಣಿನಿಂದ ಊರನ್ನು ನೋಡಿದರೆ ನನಗೆ ಅಸಹನೆಯಾಗುತ್ತದೆ. ಧನುರ್ಮಾಸದ ಮೈಸೂರಿನಲ್ಲಿ ರಾತ್ರಿಯ ಚಳಿ 16 ಡಿಗ್ರಿಯ ಆಸುಪಾಸು ಇರುತ್ತದೆ, ಮಧ್ಯಾಹ್ನದ ಬಿಸಿಲೂ ಹದವಾಗಿರುತ್ತದೆ. ಕುದುರೆಯನ್ನು ಕೇಳಿದರೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಅದಕ್ಕೆ ಬೇರೆ ಬೇಡ. ನಾವೋ ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್ ಏರಿಸಿ, ಮಕ್ಕಳನ್ನು ಹಾಸಿಗೆಯಿಂದ ಏಳಿಸುವುದಿಲ್ಲ. ನನ್ನ ತಮ್ಮನ ಮಗಳು ಸವಾರಿಯ ತರಗತಿಗೆ ಸೇರಿದ್ದಾಳೆ, ಡಿಸೆಂಬರಿನಲ್ಲಿ ಏಕೆ ಬಿಡಿಸಿದೆಯೆಂದು ಕೇಳಿದರೆ, "ಏನಣ್ಣ ನೀನು, ಈ ಚಳೀಲಿ ಬೆಳಗ್ಗೆ ಆರಕ್ಕೆ ಕರ್ಕೊಂಡು ಹೋಗಿ ಮಗೂಗೆ ನೆಗಡಿ ಮಾಡ್ಸೋದಾ? ಏಪ್ರಿಲ್‌ನಲ್ಲಿ ಸಮ್ಮರ್ ಕ್ಯಾಂಪ್ ಇದೆಯಲ್ಲ" ಎಂದ. ಏಪ್ರಿಲ್! ಬಿಸಿಲು 35 ಮುಟ್ಟುವ ತಿಂಗಳು. ಕುದುರೆಗೆ ಚಳಿಯನ್ನು ತಡೆಯಲು ಹತ್ತು ದಾರಿಗಳಿವೆ, ಸೆಕೆಯನ್ನು ಇಳಿಸಲು ಇರುವ ಮುಖ್ಯ ದಾರಿ ಬೆವರು ಒಂದೇ. ಆ ತಿಂಗಳಲ್ಲಿ, ರಜೆ ಬಂತೆಂದು, ಒಂದರ ಹಿಂದೆ ಒಂದು ಬ್ಯಾಚಿನ ಮಕ್ಕಳನ್ನು ಅದೇ ಕುದುರೆಗಳ ಮೇಲೆ ಹತ್ತಿಸಿ, ಒಂಬತ್ತು ಗಂಟೆಯ ಬಿಸಿಲಿನಲ್ಲಿ ಸುತ್ತಿಸಿ, ಫೋಟೋ ತೆಗೆಸಿ ಕಳುಹಿಸುತ್ತೇವೆ. ಕೆನಡಾದವರು ಹಿಮದಲ್ಲಿ ನಿಂತು ಬೆವರಿನ ಚಿಂತೆ ಮಾಡುತ್ತಾರೆ. ಬೆವರು ಸುರಿಯುವ ಊರಿನಲ್ಲಿ ನಮಗೆ ಆ ಚಿಂತೆಯಿಲ್ಲ, ಏಕೆಂದರೆ ಅದನ್ನು ಒರೆಸಲು ಇನ್ನೊಬ್ಬರಿದ್ದಾರೆ.

ಆ ಇನ್ನೊಬ್ಬರ ವಿಷಯಕ್ಕೆ ಬಂದರೆ ಮಾತ್ರ ನನ್ನ ವಾದ ಅಷ್ಟು ನೇರವಾಗಿ ನಿಲ್ಲುವುದಿಲ್ಲ, ಒಪ್ಪಿಕೊಳ್ಳಲೇಬೇಕು. ನಮ್ಮ ತರಗತಿಯ ಸೈಸ್ ಮಂಡ್ಯದ ಕಡೆಯವರು. ಕುದುರೆಯ ಮುಂಗಾಲನ್ನು ಮೊಣಕಾಲಿನಿಂದ ಗೊರಸಿನವರೆಗೆ ಅಂಗೈಯಿಂದ ಸವರಿ, ಅರ್ಧದಲ್ಲಿ ನಿಂತು, ಮತ್ತೊಮ್ಮೆ ಸವರಿ, "ಇವತ್ತು ಬ್ಯಾಡ ಕಣಪ್ಪ, ಕಾಲು ಬಿಸಿ ಅದೆ" ಎಂದು ಜೀನು ಇಳಿಸಿಬಿಡುತ್ತಿದ್ದರು. ಮೇಷ್ಟರೂ ಎದುರಾಡುತ್ತಿರಲಿಲ್ಲ. ಕುದುರೆಯ ಪರವಾಗಿ ನಿರ್ಧರಿಸುವವರು ನಮ್ಮಲ್ಲಿ ಇರಲಿಲ್ಲವೆಂದು ಹೇಳುವಂತಿಲ್ಲ. ಇದ್ದರು, ಕಾಲ ಯಾವುದೆಂದು ನೋಡದೆ ಪ್ರತಿದಿನವೂ ನಿರ್ಧರಿಸುತ್ತಿದ್ದರು. ರಾತ್ರಿ ಲಾಯದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರು, ಕುದುರೆ ಕೆಮ್ಮಿದರೆ ಏಳುತ್ತಿದ್ದರು. ಇಲ್ಲಿ ನಮ್ಮ ಲಾಯದಲ್ಲಿ ಸಂಜೆ ದೀಪ ಆರಿಸಿ ಹೋದರೆ ಬೆಳಿಗ್ಗೆಯವರೆಗೆ ನರಪಿಳ್ಳೆ ಇರುವುದಿಲ್ಲ. ಒಂದು ಕ್ಯಾಮೆರಾ ಇದೆ. ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದರೆ ನಡಿಗೆಯ ಹೊರತು ಬೇರೇನೂ ಕೂಡದು ಎಂಬ ನಿಯಮವನ್ನು ಗೋಡೆಗೆ ಅಂಟಿಸಿದ್ದಾರೆ, ಒಳ್ಳೆಯದೇ, ಆದರೆ ಆ ನಿಯಮಕ್ಕೆ ಅಂಗೈಯಿಲ್ಲ. ಅಲ್ಲದೆ ಹಣ ಇದ್ದವರು ಇಲ್ಲಿಯೂ ತಿಂಗಳಿಗಿಷ್ಟೆಂದು ಹೆಚ್ಚು ಕೊಟ್ಟು, ಒಣಗಿಸುವುದನ್ನೂ ಕಂಬಳಿ ಬದಲಿಸುವುದನ್ನೂ ಲಾಯದ ಹುಡುಗಿಯರಿಗೆ ಒಪ್ಪಿಸಿಬಿಡುತ್ತಾರೆ. ಅವರ ಹತ್ತಿರ ಬೆವರಿನ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಇನ್ನು ಕೆಲವರು ಚಳಿಗಾಲವಿಡೀ ಕುದುರೆಯನ್ನು ಬಯಲಿಗೆ ಬಿಟ್ಟು ಏಪ್ರಿಲ್‌ವರೆಗೆ ಇತ್ತ ತಲೆಯೇ ಹಾಕುವುದಿಲ್ಲ. ಹುಲ್ಲು, ನೀರು, ಗಾಳಿಗೆ ಮರೆ ಇದ್ದರೆ ಕುದುರೆಗೆ ಅದರಿಂದ ತೊಂದರೆಯೇನೂ ಇಲ್ಲವಾದರೂ, ಅದನ್ನು ಕಾಳಜಿಯೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಹಾಗೆಂದು ಸೈಸ್‌ಗೆ ವಾರದಲ್ಲಿ ಒಂದು ದಿನವಾದರೂ ಬಿಡುವಿತ್ತೇ ಎಂದು ಮೈಸೂರಿನಲ್ಲಿ ಯಾರೂ ವಿಚಾರಿಸುತ್ತಿರಲಿಲ್ಲವೆಂಬುದನ್ನೂ ಇದೇ ಉಸಿರಿನಲ್ಲಿ ಹೇಳಬೇಕು.

ನನ್ನ ಹೆಣ್ಣುಗುದುರೆಗೆ ಕೀಲುಗಳು ಸ್ವಲ್ಪ ಬಿಗಿಯುತ್ತಿವೆ. ಅಂಥದಕ್ಕೆ ಐದು ತಿಂಗಳು ಸುಮ್ಮನಿರಿಸುವುದಕ್ಕಿಂತ ಮೆಲ್ಲನೆಯ, ತಪ್ಪದ ನಡಿಗೆಯೇ ಮೇಲೆಂದು ವೈದ್ಯರು ಹೇಳಿದ್ದರಿಂದ ಮುಂದುವರಿಸುವುದೆಂದು ನಿರ್ಧರಿಸಿದೆ. ಬೆವರು ಬರುವಷ್ಟು ಓಡಿಸುವುದಿಲ್ಲ. ಹೆಚ್ಚಿನ ಹೊತ್ತು ನಡಿಗೆ, ನಡುವೆ ಸ್ವಲ್ಪ ಟ್ರಾಟ್ ಎಂಬ ಲಘು ಓಟ, ತೀರಾ ಚಳಿಯಿದ್ದ ದಿನ ಮೈ ಉಜ್ಜಿ ಕೈಯಲ್ಲಿ ಹಿಡಿದು ಸುತ್ತಾಡಿಸುವುದು. ಲಾಳ ತೆಗೆಸಿಯಾಯಿತು, ಕೂದಲು ಕತ್ತರಿಸುವುದು ಬೇಡವೆಂದು ಒಡತಿಗೆ ತಿಳಿಸಿದೆ. ಆದರೆ ಲೀಸಿನ ಇನ್ನರ್ಧ ಒಬ್ಬ ಕಾಲೇಜು ಹುಡುಗಿಯದು. ಆಕೆಗೆ ಒಳಾಂಗಣದಲ್ಲಿ ಬೇಲಿ ಹಾರಿಸುವ ಅಭ್ಯಾಸ ಚಳಿಗಾಲದಲ್ಲೂ ನಡೆಯಬೇಕು, ಹಾರಿಸಿದರೆ ಬೆವರುತ್ತದೆ, ಬೆವರಿದರೆ ಕತ್ತರಿಸಲೇಬೇಕು. ಎರಡು ವಾರ ಮಾತುಕತೆಯಾಗಿ, ಕತ್ತಿನ ಕೆಳಗೂ ಹೊಟ್ಟೆಯ ಕೆಳಗೂ ಒಂದೊಂದು ಪಟ್ಟಿ ಮಾತ್ರ ಕತ್ತರಿಸುವುದೆಂದು ಒಪ್ಪಂದವಾಯಿತು. ಕಂಬಳಿ ಹಾಕಿ ತೆಗೆಯುವ ಹೊಣೆ ಯಾವ ದಿನ ಯಾರದೆಂದು ಬರೆದು ಲಾಯದ ಬಾಗಿಲಿಗೆ ಚೀಟಿ ಅಂಟಿಸಿದ್ದೇವೆ. ಆಕೆ ಭಾನುವಾರ ಊರಿಗೆ ಹೋಗುತ್ತಾಳೆ, ನನಗೆ ಅಂದು ಕನ್ನಡ ಕಲಿ ತರಗತಿಯಲ್ಲಿ ಮಕ್ಕಳಿಗೆ ಪಾಠವಿರುತ್ತದೆ, ಆದ್ದರಿಂದ ಆ ಒಂದು ಸಾಲು ಇನ್ನೂ ಖಾಲಿಯಿದೆ.